ಮೂರನೆಯ ಸಲ ಕೇಳಿದಾಗ

ಓಂ. ಅವಿಘ್ನಮಸ್ತು. ಬರೆಯುವ ಕೈಗೂ ಓದುವ ಕಣ್ಣಿಗೂ ವಾಗ್ದೇವಿಯಾದ ಸರಸ್ವತಿಯು ತಡೆಯಿಲ್ಲದ ದಾರಿಯನ್ನು ಕರುಣಿಸಲಿ.

ಶಕವರ್ಷ ೧೯೩೯, ಏಳನೆಯ ಮಾಸದ ಹುಣ್ಣಿಮೆ, ಅಂಗಾರಕವಾರ
ಪುಸೆರನ್ ಕೇರಿ, ಬಾಲಿ

ಕೇರಿಯ ಯಜಮಾನನೂ ನನ್ನ ಚಿಕ್ಕಪ್ಪನ ಮಗನೂ ಆದ ನ್ಯೋಮನ್ ತಂತ್ರನಿಗೆ,

ನೀನೂ ನಾನೂ ಪುಯಿಕ್ ಹಿಡಿದು ಹನ್ನೊಂದು ವರ್ಷವಾಯಿತು. ಪುಯಿಕ್ ಹಿಡಿದವರು ಪರಸ್ಪರ ಮಾತನಾಡಲಾಗದೆಂಬುದು ಹಿರಿಯರ ಕಟ್ಟಳೆ. ಬರೆಯಲಾಗದೆಂದು ಯಾವ ಹಿರಿಯರೂ ಹೇಳಿದ್ದಿಲ್ಲ. ಆದುದರಿಂದ ಬರೆಯುತ್ತಿದ್ದೇನೆ. ಚಾವಡಿಯ ಎದುರಿಗೆ ಕಾಫಿ ಮಾರುವ ರೆನಿಯವ್ವ ಈ ಕಾಗದವನ್ನು ನಿನ್ನ ಅಂಗಳಕ್ಕೆ ಮುಟ್ಟಿಸುವಳು. "ಎರಡು ಗೋಡೆ ಆಚೆ ಇರೋರಿಗೆ ಟಪಾಲಾ, ಅಯ್ನೋರೆ?" ಎಂದು ಆಕೆ ನಕ್ಕಳು. ನಗಲಿ.

ಮೊನ್ನೆ ಭಾನುವಾರದ ಸಭೆಯಲ್ಲಿ ನೀನು ನಮ್ಮ ಚಾವಡಿಯನ್ನು ಮಾರಿದೆ. ಬಾಡಿಗೆ ಎಂಬುದು ನಿನ್ನ ಪದ. ಕಂಬಗಳನ್ನು ಕಿತ್ತು, ಜಗಲಿಯನ್ನು ಒಡೆದು, ಮೂರಂತಸ್ತಿನ ಕಾಂಕ್ರೀಟು ಕಟ್ಟಿ, ನೆಲದ ಅಂತಸ್ತನ್ನು ಗಾಜಿನ ಬಾಗಿಲಿನ ಅಂಗಡಿ ಕಂಪನಿಗೆ ಇಪ್ಪತ್ತೈದು ವರ್ಷ ಬಿಟ್ಟುಕೊಡುವುದಕ್ಕೆ ಬಾಡಿಗೆ ಎನ್ನುವುದಾದರೆ, ತಾಯಿಯನ್ನು ಮನೆಯಿಂದ ಹೊರಗಟ್ಟುವುದಕ್ಕೆ ತೀರ್ಥಯಾತ್ರೆ ಎನ್ನಬಹುದು. ಸಭೆಗೆ ಮೇಲಿನ ಅಂತಸ್ತು ಉಂಟೆಂದೆ. ಹಬ್ಬದ ದಿನ ವಾದ್ಯಮೇಳದ ಕಂಚಿನ ಗಂಟೆಗಳನ್ನು ಹೆಗಲ ಮೇಲೆ ಹೊತ್ತು ಎರಡು ಅಂತಸ್ತು ಇಳಿಸುವವರು ಯಾರು? ಕೆಳಗೆ ಸೋಪು, ಒಳಉಡುಪು, ಬಿಯರು. ಅವುಗಳ ನೆತ್ತಿಯ ಮೇಲೆ ದೇವರ ಕೆಲಸದ ಮಾತು. ಇದನ್ನು ಯೋಚಿಸಿದ ತಲೆಯನ್ನು ನಾನು ಬಾಲ್ಯದಲ್ಲಿ ಎಣ್ಣೆ ಹಚ್ಚಿ ತೊಳೆದಿದ್ದೆನೆಂಬುದು ನೆನಪಾಗಿ ನನ್ನ ಕೈಗಳ ಮೇಲೆಯೇ ನನಗೆ ಸಿಟ್ಟು ಬರುತ್ತಿದೆ.

ಹಲಸಿನ ಆ ಹನ್ನೆರಡು ಕಂಬಗಳನ್ನು ಬೇರಿನ ಕಡೆ ಕೆಳಗೂ ತುದಿಯ ಕಡೆ ಮೇಲಕ್ಕೂ ಬರುವಂತೆ, ಕಾಡಿನಲ್ಲಿ ನಿಂತಿದ್ದ ಹಾಗೆಯೇ ನಿಲ್ಲಿಸಿದ್ದಾರೆ. ನಾವು ಹುಟ್ಟಿದಾಗ ನಮ್ಮ ಹೆಸರು ಕೂಗಿದ್ದು ಅಲ್ಲಿ. ಮದುವೆಯಾದ ಮರುದಿನ ಕೇರಿಯವರಾಗಿ ಕುಳಿತದ್ದು ಅಲ್ಲಿ. ಹಬ್ಬದ ಬೆಳಗಿನಲ್ಲಿ ಮಾಂಸ ಕೊಚ್ಚುತ್ತ ಒಬ್ಬರನ್ನೊಬ್ಬರು ಹಂಗಿಸಿ ನಕ್ಕದ್ದು ಅಲ್ಲಿ. ಒಪ್ಪಂದವನ್ನು ಹಿಂದಕ್ಕೆ ತೆಗೆದುಕೋ.

ಇತಿ,
ಇ ಕೆತುತ್ ಸುದಂತ
ಕೇರಿಯ ದೇಗುಲದ ಪೂಜಾರಿ


೫ ಜನವರಿ ೨೦೧೮, ಶುಕ್ರವಾರ

ಪೂಜ್ಯ ಅಣ್ಣನವರಿಗೆ, ನ್ಯೋಮನ್ ಮಾಡುವ ವಂದನೆಗಳು.

ಕಾಗದ ಬಂತು. ನಿಮ್ಮ ಹಾಗೆ ಬರೆಯಲು ನನಗೆ ಬರುವುದಿಲ್ಲ, ವಿಷಯ ಹೇಳುತ್ತೇನೆ.

ಚಾವಡಿಯನ್ನು ನಾನು ಮಾರಲಿಲ್ಲ, ಸಭೆ ಒಪ್ಪಿತು. ಭಾನುವಾರ ಕುಲ್ಕುಲ್ ಮರಗಂಟೆ ಬಾರಿಸಿಯೇ ಜನರನ್ನು ಕರೆಸಿದೆ. ಎಲ್ಲರೂ ತಂತಮ್ಮ ಕಂಬದ ಬಳಿ ಕುಳಿತ ಮೇಲೆ ವಿಷಯ ಓದಿ ಹೇಳಿದೆ. ಆಮೇಲೆ ನಮ್ಮ ಪದ್ಧತಿಯಂತೆ ಮೂರು ಸಲ ಕೇಳಿದೆ: "ಯಾರಿಗಾದ್ರೂ ಬೇಡವಾ?" ಮೊದಲ ಸಲ ಎಲ್ಲರನ್ನೂ ನೋಡಿ ಕೇಳಿದೆ. ಎರಡನೆಯ ಸಲ ಪೂರ್ವದ ಸಾಲಿನವರನ್ನು ನೋಡಿ ಕೇಳಿದೆ. ಮೂರನೆಯ ಸಲ ನಿಮ್ಮನ್ನೇ ನೋಡಿ ಕೇಳಿದೆ.

ನೀವು ತಲೆ ಎತ್ತಿ ಹುಲ್ಲಿನ ಮಾಡು ನೋಡುತ್ತ ಕುಳಿತಿರಿ.

ನಮ್ಮಲ್ಲಿ ಕೈ ಎತ್ತಿ ಎಣಿಸುವ ಪದ್ಧತಿ ಇಲ್ಲ, ನಿಮಗೂ ಗೊತ್ತು. ಒಬ್ಬ ಬೇಡವೆಂದರೂ ವಿಷಯ ನಿಲ್ಲುತ್ತದೆ. ಯಾರೂ ಬೇಡವೆನ್ನದಿದ್ದರೆ ಎಲ್ಲರೂ ಒಪ್ಪಿದಂತೆ. ಚಾವಡಿಯಲ್ಲಿ ಸುಮ್ಮನಿದ್ದವನು ಒಪ್ಪಿದವನು. ಆ ಲೆಕ್ಕದಲ್ಲಿ ಚಾವಡಿ ಕೆಡವಲು ಒಪ್ಪಿದವರಲ್ಲಿ ನೀವೂ ಒಬ್ಬರು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೆ ಅರ್ಧ ಸಿಟ್ಟು ಮನೆಯಲ್ಲೇ ಇಟ್ಟುಕೊಳ್ಳಿ.

ಮಾಡು ನೋಡಿದಿರಲ್ಲ, ಸರಿಯಾಗಿ ನೋಡಿದಿರಾ? ಹುಲ್ಲು ಕೊಳೆತಿದೆ, ಗಳುಗಳ ತುದಿ ಗೆದ್ದಲಿನ ಪಾಲು. ಗಂಟೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೇವೆ. ನಾನು ಯಜಮಾನನಾದಾಗಿನಿಂದ ಹೊಸ ಹುಲ್ಲು ಹೊದಿಸೋಣ ಬನ್ನಿ ಎಂದು ಕರೆಯದ ಸಭೆಯಿಲ್ಲ. ಬಂದವರು ನಾಲ್ಕು ಮಂದಿ ಮುದುಕರು. ಉಳಿದವರೆಲ್ಲ ಹೋಟೆಲ್ಲಿನ ಪಾಳಿಯಲ್ಲಿ.

ನಿಮ್ಮ ತಮ್ಮ,
ನ್ಯೋಮನ್ ತಂತ್ರ


ಶಿವರಾತ್ರಿಯ ಮರುದಿನ, ಅಂಗಾರಕವಾರ

ನ್ಯೋಮನ್‌ನಿಗೆ,

ಉಪವಾಸವಿದ್ದವನು ಸಿಟ್ಟಾಗಬಾರದೆಂದು ಶಾಸ್ತ್ರ. ಆದ್ದರಿಂದ ಪಾರಣೆಯಾಗಲೆಂದು ಕಾದು ಈಗ ಬರೆಯುತ್ತಿದ್ದೇನೆ.

ಸುಮ್ಮನಿದ್ದೆನೆಂದು ಬರೆದೆಯಲ್ಲ, ಸುಮ್ಮನಿರದೆ ಏನು ಮಾಡಬೇಕಿತ್ತು? ಕೇಳಿದವನು ನೀನು. ಉತ್ತರಿಸಿದರೆ ನಿನ್ನೊಡನೆ ಮಾತನಾಡಿದಂತೆ. ಮೂರನೆಯ ಸಲ ನನ್ನ ಮುಖವನ್ನೇ ನೋಡಿ ಕೇಳಿದ್ದು ಅದಕ್ಕಾಗಿಯೇ ಎಂಬುದು ನನಗೆ ತಿಳಿಯದೆ ಹೋಯಿತೆಂದು ಭಾವಿಸಬೇಡ. ನನ್ನ ಬಾಯಿ ಕಟ್ಟಿದೆಯೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ನೀನು. ಕಟ್ಟಿದ ಬಾಯಿಯ ಮುಂದೆ ನಿಂತು ಒಪ್ಪಿಗೆಯೇ ಎಂದು ಕೇಳಿದವನೂ ನೀನೇ. ಇದನ್ನು ಪದ್ಧತಿ ಎನ್ನುವುದಿಲ್ಲ, ಬೇಟೆ ಎನ್ನುತ್ತಾರೆ.

ಪುಯಿಕ್ ಹಿಡಿದದ್ದೇಕೆಂದು ಕೇರಿಯ ಎಳೆಯರಿಗೆ ಮರೆತಿರಬಹುದು, ನನಗೆ ಮರೆತಿಲ್ಲ. ದೇಗುಲದಂಗಳದಲ್ಲಿ ಆವೇಶ ಬಂದ ಮುದುಕಿಯ ಬಾಯಿಂದ ದೇವರು ನನ್ನ ಹೆಸರನ್ನು ಪೂಜಾರಿಕೆಗೆ ಕರೆದಾಗ, ನೂರು ಜನರ ನಡುವೆ ನಿಂತು "ಯಾಕೆ, ಕೇರೀಲಿ ಬೇರೆ ಆಳೇ ಸಿಗ್ಲಿಲ್ವಾ ದೇವ್ರಿಗೆ?" ಎಂದು ನಕ್ಕವನು ನೀನು. ಜನವೂ ನಕ್ಕಿತು. ಆ ನಗೆಯನ್ನು ದೇವರು ಕ್ಷಮಿಸಿರಬಹುದು. ನಾನು ದೇವರಲ್ಲ.

ನನ್ನ ಮೊದಲಿನ ಕಾಗದವನ್ನು ಮುಂದಿನ ಸಭೆಯಲ್ಲಿ ಓದಿಸು. ಅದೇ ನನ್ನ ಅಸಮ್ಮತಿ. ಮಗನ ಮದುವೆಯಾದ ಮೇಲೆ ತಂದೆ ತನ್ನ ಕಂಬವನ್ನು ಅವನಿಗೆ ಬಿಡಬೇಕೆಂಬುದು ಕಟ್ಟಳೆ; ಮದುವೆಯಾದ ಮಗನಿಲ್ಲದ ಮನೆಯವನಾದ್ದರಿಂದ ಚಾವಡಿಯಲ್ಲಿ ನನ್ನ ಕಂಬ ಇನ್ನೂ ನನ್ನದೇ. ಬೇಡವೆನ್ನುವ ಹಕ್ಕೂ ನನ್ನದೇ.

ಕೆತುತ್ ಸುದಂತ


೨೨ ಜನವರಿ

ಅಣ್ಣನವರಿಗೆ,

ಓದಿಸುವುದಿಲ್ಲ. ಚಾವಡಿಯಲ್ಲಿ ಕಾಗದಕ್ಕೆ ಬಾಯಿಲ್ಲ. ಕಂಬಗಳ ಒಳಗೆ ಕುಳಿತು, ಸ್ವಂತ ಬಾಯಿಂದ, ಯಜಮಾನನಿಗೆ ಹೇಳಬೇಕು. ಈ ಕಟ್ಟಳೆಯನ್ನು ನಾನು ಮಾಡಿದ್ದಲ್ಲ; ನೀವು ಉಳಿಸಬೇಕೆನ್ನುವ ಚಾವಡಿಯೇ ಮಾಡಿದ್ದು. ಅದು ಉಳಿಯಬೇಕು, ಅದರ ಕಟ್ಟಳೆ ಮಾತ್ರ ನಿಮಗೆ ಬೇಡ ಎಂದರೆ ಹೇಗೆ?

ಆ ದಿನ ನಾನು ನಕ್ಕದ್ದು ನಿಜ.

ನ್ಯೋಮನ್


ಎಂಟನೆಯ ಮಾಸದ ಕೃಷ್ಣಪಕ್ಷ, ಅಂಗಾರಕವಾರ

ನ್ಯೋಮನ್‌ನಿಗೆ,

ನಿನ್ನೆಯೆಲ್ಲ ಬರೆಯಲು ಕುಳಿತು ಹರಿದೆ. ಇಂದು ಹರಿಯುವುದಿಲ್ಲ.

ಭಾನುವಾರದ ಸಭೆಗೆ ನನ್ನ ಪರವಾಗಿ ಹೇಳೆಂದು ಪಕ್ಕದ ಕಂಬದ ಮಡೆ ಸುವಿತನನ್ನು ಒಪ್ಪಿಸಿದ್ದೆ. ಪ್ರವಾಸಿಗರಿಗೆ ಕಾರು ಓಡಿಸುವ ಅವನಿಗೆ ಯಾವುದೂ ಗಂಭೀರವಲ್ಲವೆಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಎದ್ದು ನಿಂತು ಅವನು ಹೇಳಿದ್ದೇನು? "ನಮ್ ಪೂಜಾರಪ್ಪನೋರು ಏನೋ ಬೇಡ ಅಂತಾರಂತೆ. ಆದ್ರೆ ಯಜಮಾನ್ರ ಜೊತೆ ಟೂ ಬಿಟ್ಟಿದಾರಲ್ಲ, ಅದಕ್ಕೇ ನನ್ ಕೈಲಿ ಹೇಳಿಸ್ತಾ ಇದಾರೆ." ಚಾವಡಿಯೆಲ್ಲ ನಕ್ಕಿತು. ಯಾರೋ ಹಿಂದಿನಿಂದ, "ಕಿರುಬೆರಳು ಕೊಟ್ಟು ರಾಜಿ ಮಾಡ್ಕೊಳ್ಳೋಕೆ ಹೇಳ್ರೋ," ಎಂದ. ಅರವತ್ತಾರು ವರ್ಷದ ದೇವರ ಸೇವಕನಾದ ನಾನು ಶಾಲೆಯ ಹುಡುಗನಂತೆ ತಲೆ ತಗ್ಗಿಸಿ ಕುಳಿತೆ. ನೀನು ನಗಲಿಲ್ಲ, ಅದನ್ನು ಗಮನಿಸಿದ್ದೇನೆ. "ಇನ್ನೊಬ್ರ ಬಾಯಿ ಲೆಕ್ಕಕ್ಕಿಲ್ಲ ಸುವಿತಾ, ಕೂತ್ಕೋ," ಎಂದಷ್ಟೇ ಹೇಳಿದೆ. ಆ ನಗೆಗಿಂತ ಅದು ಹೆಚ್ಚು ಉರಿಯಿತು.

ಆಗಲಿ. ಬಾಯಿ ಕಟ್ಟಿರಬಹುದು, ನನ್ನ ಕೈಗಳನ್ನು ಯಾರೂ ಕಟ್ಟಿಲ್ಲ. ಪ್ರತಿಷ್ಠೆ ಮಾಡಿದ ಕಟ್ಟಡಕ್ಕೆ ಪ್ರಾಣವಿದೆ. ಅದನ್ನು ಕೆಡವುವ ಮುನ್ನ ಪೂಜಾರಿಯು ಮಂತ್ರೋದಕದಿಂದ ಆ ಪ್ರಾಣವನ್ನು ಬಿಡುಗಡೆ ಮಾಡಬೇಕು. ಮಾಡದ ಹೊರತು ಬಾಲಿಯ ಯಾವ ಬಡಗಿಯೂ ಕಂಬಕ್ಕೆ ಕೊಡಲಿ ಮುಟ್ಟಿಸುವುದಿಲ್ಲ. ಆ ಕರ್ಮವನ್ನು ನಾನು ಮಾಡುವುದಿಲ್ಲ. ಜೀವಂತ ಚಾವಡಿಯನ್ನು ಕೊಲ್ಲಲು ಧೈರ್ಯವಿದ್ದರೆ ನೀನೇ ಕೊಡಲಿ ಎತ್ತಿಕೋ.

ಕೆತುತ್ ಸುದಂತ


೧೨ ಫೆಬ್ರವರಿ

ಅಣ್ಣನವರಿಗೆ,

ನೀವು ಮಾಡದಿದ್ದರೆ ಮೂಡಣ ಕೇರಿಯ ಪೂಜಾರಿ ಬಂದು ಮಾಡುತ್ತಾರೆ. ಆಗಲೇ ಕೇಳಿ ಇಟ್ಟಿದ್ದೇನೆ.

ಇಷ್ಟು ದಿನ ನಾನು ಸಮಾಧಾನದಿಂದ ಬರೆದೆ. ಈಗ ನನಗೂ ಸಿಟ್ಟು ಬಂದಿದೆ, ಕೇಳಿ.

ನಮ್ಮ ಕಾಗದಗಳನ್ನು ಹೊರುತ್ತಿರುವ ರೆನಿಯವ್ವನ ಗಂಡ ಗೆದೆ ಮರ್ತ ಎಲ್ಲಿದ್ದಾನೆ, ಗೊತ್ತೆ? ಸತ್ತು ಆರು ವರ್ಷ. ಇನ್ನೂ ಮಸಣದ ಮಣ್ಣಿನಲ್ಲಿ ಹೂತ ಹಾಗೆಯೇ ಇದ್ದಾನೆ. ಅಗೆದೆತ್ತಿ ದಹನ ಮಾಡಿ ಬೂದಿಯನ್ನು ಸಮುದ್ರಕ್ಕೆ ಬಿಡದೆ ಅವನಿಗೆ ಬಿಡುಗಡೆಯಿಲ್ಲವೆಂದು ನಿಮಗೆ ನಾನು ಹೇಳಿಕೊಡಬೇಕೆ? ಅವಳ ಕೈಯಲ್ಲಿ ಆ ಖರ್ಚು ಆಗುವ ಮಾತಲ್ಲ. ಅವನಂತೆ ಕಾಯುತ್ತಿರುವವರು ಕೇರಿಯಲ್ಲಿ ಇನ್ನೂ ಇದ್ದಾರೆ. ಅಂಗಡಿಯ ಬಾಡಿಗೆಯಿಂದ ಮೊದಲು ಅವರೆಲ್ಲರ ಸಾಮೂಹಿಕ ದಹನ, ಆಮೇಲೆ ಮಿಕ್ಕದ್ದು: ಸಭೆಯಲ್ಲಿ ನಾನು ಓದಿದ್ದು ಇದನ್ನೇ. ನೀವು ಕೇಳಿಸಿಕೊಳ್ಳಲಿಲ್ಲ. ನನ್ನ ದನಿ ಬಂದರೆ ಕಿವಿಯನ್ನೂ ಮುಚ್ಚಿಕೊಳ್ಳುವುದು ಪುಯಿಕ್‌ನಲ್ಲಿ ಸೇರಿದೆಯೆ?

ದಿನಾ ಬೆಳಗ್ಗೆ ಅವಳ ಕೈಯ ಕಾಫಿ ಕುಡಿಯುತ್ತೀರಿ. ಮರ್ತ ಇನ್ನೂ ಮಣ್ಣಿನಲ್ಲಿದ್ದಾನಾ ಎಂದು ಒಂದು ದಿನವಾದರೂ ಕೇಳಿದಿರಾ? ಕಂಬಗಳ ಬೇರು ಯಾವ ಕಡೆ, ತುದಿ ಯಾವ ಕಡೆ ಎಂದು ಬಲ್ಲಿರಿ. ಕಂಬಕ್ಕೆ ಒರಗುವ ಜನರ ಬಗ್ಗೆ ಏನು ಬಲ್ಲಿರಿ?

ಅವಳಿಗೆ ಕಾಗದದಲ್ಲಿ ಏನಿದೆಯೆಂದು ಗೊತ್ತು. ಹೋದ ವಾರ ನಿಮ್ಮ ಕಾಗದ ನನ್ನ ಕೈಗಿಟ್ಟು, "ಅಯ್ನೋರು ಈ ಸಲ ದಪ್ಪಗೆ ಬರ್ದವ್ರೆ, ಜಾಸ್ತಿ ಸಿಟ್ಟು ಇರ್ಬೇಕು," ಎಂದು ಹೇಳಿ ಹೋದಳು. ಅಷ್ಟೆ.

ಮಾರ್ಚ್ ಹನ್ನೊಂದಕ್ಕೆ ಮುಂದಿನ ಸಭೆ. ಕಂಪನಿಯವರು ಸಹಿಗೆ ಬರುತ್ತಾರೆ. ಸಹಿಯ ಮುಂಚೆ ಪದ್ಧತಿಯಂತೆ ಕೊನೆಯದಾಗಿ ಇನ್ನೊಮ್ಮೆ ಮೂರು ಸಲ ಕೇಳುತ್ತೇನೆ. ಆಗಲೂ ನೀವು ಮಾಡು ನೋಡಿದರೆ ಒಪ್ಪಿದಿರಿ ಎಂದೇ ಬರೆಸುತ್ತೇನೆ.

ನ್ಯೋಮನ್ ತಂತ್ರ


೧೩ ಮಾರ್ಚ್

ಅಣ್ಣನವರಿಗೆ,

ಭಾನುವಾರದ ಸಭೆಯ ನಡಾವಳಿ ಇದರ ಜೊತೆಗಿದೆ. ಓದಿ, ಸಹಿ ಮಾಡಿ ಕಳುಹಿಸಿ. ಸಭೆಯ ಒಳಗೆ ಆಡಿದ್ದು ಸಭೆಯ ಕೆಲಸ. ಬೀದಿಯಲ್ಲಿ ಮಾತೋ ಪುಯಿಕ್ಕೋ ಎಂಬುದನ್ನು ನಿಮಗೇ ಬಿಟ್ಟಿದ್ದೇನೆ.

ನ್ಯೋಮನ್


ಓಂ. ಹೊಸ ಸಂವತ್ಸರದ ಮೊದಲ ಅಕ್ಷರ ಸತ್ಯವೇ ಆಗಲಿ.

ಶಕವರ್ಷ ೧೯೪೦, ಮೌನದ ದಿನದ ಮರುದಿನ, ಆದಿತ್ಯವಾರ

ತಮ್ಮ ನ್ಯೋಮನ್‌ನಿಗೆ,

ನಿನ್ನೆ ದ್ವೀಪವೆಲ್ಲ ದೀಪವಿಲ್ಲದೆ, ಒಲೆಯಿಲ್ಲದೆ, ಮಾತಿಲ್ಲದೆ ಕುಳಿತಿತ್ತು. ನಾನು ನಿನ್ನ ನಡಾವಳಿಯ ಒಂದೇ ಸಾಲನ್ನು ಮನಸ್ಸಿನಲ್ಲಿ ಓದುತ್ತ ಕುಳಿತಿದ್ದೆ: "ಚರ್ಚೆಯ ನಂತರ ಪ್ರಸ್ತಾವವನ್ನು ಕೈಬಿಡಲಾಯಿತು." ಇದಕ್ಕೆ ನಾನು ಸಹಿ ಮಾಡುವುದಿಲ್ಲ. ಹಾಗೆ ನಡೆಯಲಿಲ್ಲ. ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ನಡಾವಳಿಗೆ ಇದನ್ನು ಹೊಲಿದು ಸೇರಿಸು. ನಾಳೆ ಯಾರಾದರೂ ಚಾವಡಿ ಹೇಗೆ ಉಳಿಯಿತೆಂದು ಕೇಳಿದರೆ, ಉಳಿಸಿದವರ ಮುಖಕ್ಕೆ ಎಷ್ಟು ಮಸಿ ಹತ್ತಿತ್ತೆಂಬುದೂ ಅವರಿಗೆ ತಿಳಿಯಲಿ.

ನೀನು ಮೊದಲ ಸಲ ಕೇಳಿದೆ. ಬೀದಿಯ ಬದಿಯಲ್ಲಿ ಕಂಪನಿಯ ಮನುಷ್ಯ ಚರ್ಮದ ಚೀಲ ತೊಡೆಯ ಮೇಲಿಟ್ಟು ಕಾಯುತ್ತಿದ್ದ. ಎರಡನೆಯ ಸಲ ಕೇಳಿದೆ. ಸುವಿತ ನನ್ನನ್ನು ಮೊಣಕೈಯಿಂದ ತಿವಿದ. ಮೂರನೆಯ ಸಲ ಕೇಳಿದಾಗ ನಿನ್ನ ದನಿ ಒಡೆದಿತ್ತು. ಅದು ನೆಗಡಿಯೇ ಆಗಿದ್ದರೂ ನನ್ನ ಅಭ್ಯಂತರವಿಲ್ಲ. ನಾನು ನಿನ್ನ ಮುಖ ನೋಡಿ, "ನಂಗೆ ಒಪ್ಪಿಗೆ ಇಲ್ಲ, ನ್ಯೋಮನ್," ಎಂದೆ. ಹೆಸರು ಹಿಡಿದು ಕರೆಯುವ ಉದ್ದೇಶವಿರಲಿಲ್ಲ, ಬಾಯಿಂದ ಬಂದುಬಿಟ್ಟಿತು.

ಪುಯಿಕ್ ನಿನ್ನನ್ನೂ ಕಟ್ಟಿತ್ತು. ನೀನು ಗುಮಾಸ್ತನತ್ತ ತಿರುಗಿ ಬರೆದುಕೋ ಎನ್ನಬಹುದಿತ್ತು. ಅನ್ನಲಿಲ್ಲ. "ಯಾಕೆ ಅಂತ ಹೇಳಿ, ಅಣ್ಣ," ಎಂದೆ.

ನಾನು ಹೇಳಿದೆ. ಚೆನ್ನಾಗಿಯೇ ಹೇಳಿದೆನೆಂದುಕೊಂಡಿದ್ದೆ. ಕೂರುವ ನೆಲವನ್ನು ಬಾಡಿಗೆಗೆ ಕೊಟ್ಟವರು ಎದ್ದು ನಿಂತೇ ಬದುಕಬೇಕಾಗುತ್ತದೆಂದು, ಇಪ್ಪತ್ತೈದು ವರ್ಷ ಕಳೆಯುವಾಗ ಕುಳಿತು ಮಾತನಾಡುವ ಅಭ್ಯಾಸವೇ ಕೇರಿಗೆ ಉಳಿದಿರುವುದಿಲ್ಲವೆಂದು ಹೇಳಿದೆ. ಜನ ತಲೆದೂಗಿದರು. ಆಗ ಗಂಡಸಿಲ್ಲದ ಮನೆಯ ಪರವಾಗಿ ಮೆಟ್ಟಿಲ ಮೇಲೆ ಕುಳಿತಿದ್ದ ರೆನಿಯವ್ವ ಎದ್ದು ನಿಂತಳು.

"ಅಯ್ನೋರೆ, ಬೇಡ ಅಂದ್ರಿ, ಸರಿ. ನಿಮ್ ಹಕ್ಕು. ಹಂಗಾದ್ರೆ ನಮ್ಮನೆಯವ್ರನ್ನ ಯಾವಾಗ ಎಬ್ಬಿಸ್ತೀರಿ? ಅದನ್ನೂ ಈ ಚಾವಡೀಲೇ ಹೇಳ್ಬಿಡಿ, ಎಲ್ರೂ ಕೇಳಿಸ್ಕೊಳ್ಳಿ. ಆರು ವರ್ಷದಿಂದ ಕನಸಲ್ಲಿ ಬಂದು ಒದ್ದೆ ಬಟ್ಟೇಲಿ ನಿಂತ್ಕೋತಾರೆ. ನಾನು ಇನ್ನೇನ್ ಹೇಳ್ಲಿ ಅವ್ರಿಗೆ? ಕಂಬ ಉಳೀತು ಕಣ್ರೀ, ನೀವು ಅಲ್ಲೇ ಇರಿ, ಅನ್ಲಾ?"

ಅವಳು ದನಿ ಏರಿಸಲಿಲ್ಲ. ನಿನ್ನ ಕಾಗದದಲ್ಲಿ ಈ ಪ್ರಶ್ನೆಯನ್ನು ಓದಿ ತಿಂಗಳಾಗಿತ್ತು. ಆ ತಿಂಗಳೆಲ್ಲ ನಿನ್ನೊಡನೆ ಮಾತನಾಡಬೇಕೇ ಬೇಡವೇ ಎಂಬ ಒಂದೇ ಚಿಂತೆಯಲ್ಲಿ ಕಳೆದೆ. ಅವಳಿಗೆ ಏನು ಹೇಳಬೇಕೆಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ನಾನು ತಲೆ ಎತ್ತಿದೆ.

"ಮಾಡು ನೋಡ್ಬೇಡಿ, ಅಣ್ಣ," ಎಂದೆ ನೀನು. "ಅಲ್ಲೇನೂ ಬರ್ದಿಲ್ಲ. ಅವ್ಳು ಇಲ್ಲಿದಾಳೆ."

ನನ್ನ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಕಠಿಣವಾಗಿ ಮಾತನಾಡಿದ್ದಿಲ್ಲ. ಅದಕ್ಕಾಗಿ ನಿನ್ನ ಮೇಲೆ ಸಿಟ್ಟಿದೆ, ಇಂದಿಗೂ ಇದೆ. ಆದರೆ ಆ ಸಿಟ್ಟಿನಲ್ಲಿಯೇ ನನ್ನ ಬಾಯಿಂದ ಉತ್ತರ ಹೊರಟಿತು. "ಈ ಒಣಗಾಲ ಮುಗಿಯೋದ್ರೊಳ್ಗೆ. ನನ್ ಕಣಜದ ಭತ್ತ ಅಷ್ಟೂ ಇದಕ್ಕೇ. ಮಂತ್ರ ಹೇಳೋಕೆ ಅರಮನೆ ಕಡೆಯ ದೊಡ್ಡ ಪುರೋಹಿತರ ಕಾಲು ಹಿಡೀತೀನಿ." ಹೇಳಿ ಮುಗಿಸುವುದರೊಳಗೆ ಸುವಿತ, "ಬಿದಿರು ನಮ್ ತೋಟದ್ದು. ನಗೋಕಷ್ಟೇ ಅಲ್ಲ, ಹೊರೋಕೂ ಬರ್ತದೆ ನಂಗೆ," ಎಂದ. ಪೂರ್ವದ ಸಾಲಿನಿಂದ ಒಬ್ಬ ತನ್ನದೊಂದು ಹಂದಿ ಕೊಡುವೆನೆಂದ, ಇನ್ನೊಬ್ಬ ಎರಡು ಎಂದ. ಯಾರ ಹಂದಿ ದಪ್ಪವೆಂದು ಅವರಿಬ್ಬರೊಳಗೆ ಜಗಳ ಹತ್ತಿತು. "ನಮ್ಮಪ್ಪನೂ ಅಲ್ಲೇ ಇದಾನೆ, ಅವನನ್ನೂ ಸೇರಿಸ್ಕೊಳ್ಳಿ," ಎಂದು ಒಬ್ಬ ಅತ್ತ. ಹೋಟೆಲ್ಲಿನ ಪಾಳಿಯವರು ತಂತಮ್ಮ ರಜೆಯ ದಿನವನ್ನು ಹುಲ್ಲು ಹೊದಿಸಲು ಬಿಟ್ಟುಕೊಡಬೇಕೆಂದು ನೀನು ಗದರಿದೆ. ಅವರು ನಿನ್ನ ಮೇಲೆ ರೇಗಿದರು, ನೀನು ಅವರ ಮೇಲೆ. ಆ ಗದ್ದಲದಲ್ಲಿ ಕಂಪನಿಯ ಮನುಷ್ಯ ಎದ್ದು ಹೋದದ್ದನ್ನು ನಾವು ಯಾರೂ ಕಾಣಲಿಲ್ಲ.

ಇದನ್ನೆಲ್ಲ ಚರ್ಚೆ ಎಂದು ಬರೆದೆಯಲ್ಲ, ನಿನ್ನ ಗುಮಾಸ್ತನ ಕೈಗೆ ಹುಳ ಬೀಳಲಿ.

ನ್ಯೋಮನ್, ಚಾವಡಿ ಉಳಿಯಿತೆಂದು ನನಗೆ ನೆಮ್ಮದಿಯಾಗಬೇಕಿತ್ತು. ಆಗಿಲ್ಲ. ಜನ ಕೂಡಲು ಒಂದು ಜಾಗ ಬೇಕೆಂದು ಎರಡು ತಿಂಗಳು ನಿನಗೆ ಶಾಸ್ತ್ರ ಹೇಳಿದೆ. ಎದುರಿನ ಕಾಫಿಯಂಗಡಿಯಲ್ಲಿ ಒಬ್ಬಳು ದಿನಾ ನನ್ನೆದುರು ನಿಂತಿದ್ದಳು. ಅವಳೊಡನೆ ನಾನು ಒಂದು ದಿನವೂ ಕೂಡಲಿಲ್ಲ. ಮೂರನೆಯ ಸಲ ನನ್ನ ಮುಖ ನೋಡಿ ಕೇಳಿದ್ದು ನನ್ನನ್ನು ಬೀಳಿಸಲೋ, ಎಬ್ಬಿಸಲೋ ಎಂಬುದನ್ನು ನೀನು ಬರೆದಿಲ್ಲ. ನಾನೂ ಕಾಗದದಲ್ಲಿ ಕೇಳುವುದಿಲ್ಲ. ನಾಳೆ ಬೆಳಗ್ಗೆ ಹುಲ್ಲು ಕೊಯ್ಯಲು ಗುಡ್ಡಕ್ಕೆ ಹೋಗುವಾಗ ದಾರಿಯಲ್ಲಿ ಕೇಳುತ್ತೇನೆ. ಸರಿಯಾದ ಉತ್ತರ ಬಾರದಿದ್ದರೆ ಬೀದಿಯಲ್ಲಿಯೇ ಬೈಯುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಲಿ. ಕುಡುಗೋಲನ್ನು ಮಸೆದು ತಾ.

ಬೇಡವೆಂದವರಿಗೂ ಬೇಕೆಂದವರಿಗೂ ಒಂದೇ ನೆರಳು ಇರಲಿ. ಮಣ್ಣಿನಲ್ಲಿ ಕಾದಿರುವ ಮರ್ತನಿಗೂ ಅವನ ಜೊತೆಯವರಿಗೂ ಬೆಂಕಿಯೂ ಸಮುದ್ರವೂ ಬೇಗ ಸಿಗಲಿ. ರೆನಿಯವ್ವನ ಕನಸಿನಲ್ಲಿ ಅವನ ಬಟ್ಟೆ ಒಣಗಲಿ. ಸುವಿತನ ನಗೆ ಅವನ ಹೊಟ್ಟೆ ತುಂಬಿಸಲಿ. ಬರಿಗೈಯಲ್ಲಿ ಮರಳಿದ ಕಂಪನಿಯ ಮನುಷ್ಯನಿಗೆ ಅವನ ಧಣಿಗಳ ಬೈಗುಳ ತಪ್ಪಲಿ. ಗಳು ತಿನ್ನುವ ಗೆದ್ದಲಿಗೂ ಬೇರೆಲ್ಲಾದರೂ ಅನ್ನ ಸಿಗಲಿ. ನನ್ನ ತಮ್ಮನಿಗೆ ಆಯುಸ್ಸೂ, ನನಗೆ ಅವನನ್ನು ತಾಳಿಕೊಳ್ಳುವ ಶಕ್ತಿಯೂ ಬರಲಿ. ಮೂರು ಲೋಕಗಳಲ್ಲಿಯೂ ಶಾಂತಿ ನೆಲೆಸಲಿ. ಓಂ.

ನಿನ್ನ ಅಣ್ಣ,
ಕೆತುತ್